ಮೊಟ್ಟೆ ಹೊರುವ ಇರುವೆ, ಮರಿ ತಿನ್ನುವ ಇರುವೆ: ಕಡ್ಡಿಹುಳ ಸಾಕಿದ ನನ್ನ ಅನುಭವ

ಕಡ್ಡಿಹುಳ ಹುಡುಕುವುದಾದರೆ ಹಗಲಲ್ಲಿ ಹೊರಡಬೇಡಿ. ಮೂಗಿನ ಮುಂದೆ ಇದ್ದರೂ ಕಾಣುವುದಿಲ್ಲ. ರಾತ್ರಿ ಊಟ ಮುಗಿಸಿ, ಟಾರ್ಚ್ ಹಿಡಿದು, ಹಿತ್ತಲಿನ ಪೇರಳೆ ಗಿಡದ ಹತ್ತಿರ ಸುಮ್ನೆ ನಿಂತುಕೊಳ್ಳಿ. ಹಗಲಿಡೀ ಅಲ್ಲಾಡದೆ ಕೂತಿದ್ದದ್ದು ಆಗ ಎಲೆಯ ಅಂಚು ಹಿಡಿದು ಮೇಯುತ್ತಾ ಇರುತ್ತದೆ. ಎಲೆಯ ಅಂಚಿನಲ್ಲಿ ಬಾಗಿದ ಕಚ್ಚು ಹೊಸದಾಗಿ ಕಂಡರೆ ಹುಳ ಅಲ್ಲೇ ಎಲ್ಲೋ ಇದೆ ಎಂದರ್ಥ. ಗಾಳಿ ಬೀಸಿದಾಗ ಇನ್ನೂ ಸುಲಭ. ಕೊಂಬೆ ನಿಂತ ಮೇಲೂ ಒಂದು ಕಡ್ಡಿ ಮಾತ್ರ ಅತ್ತಿತ್ತ ತೂಗುತ್ತಿದ್ದರೆ ಅದೇ ಅದು.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ. ಕೆಳಗೆ ಅಡಿಕೆ ತೋಟ, ಮೇಲೆ ಸೊಪ್ಪಿನಬೆಟ್ಟ. ಸಾಕಲು ತಂದದ್ದು ನಮ್ಮ ತೋಟದ ಅಂಚಿನಲ್ಲೇ ಸಿಗುವ, ರೆಕ್ಕೆಯಿಲ್ಲದ ಕಂದು ಬಣ್ಣದ ಜಾತಿ. ಅಭಯಾರಣ್ಯದ ಒಳಗಿಂದ ಏನನ್ನೂ ತರುವಂತಿಲ್ಲ, ಆ ಕಡೆಗೆ ಹೋಗಲೇಬೇಡಿ. ಮನೆಗೆ ತಂದ ದಿನ ಅಮ್ಮ "ಎಂತದ ಮಾರಾಯ, ಕಚ್ಚಿದ್ರೆ?" ಎಂದರು. ಕಚ್ಚುವುದಿಲ್ಲ. ಸೊಪ್ಪು ಬಿಟ್ಟು ಬೇರೇನೂ ತಿನ್ನದ ಹುಳ ಅದು. ಮುಂಗಾಲು ಮಡಚಿ ಹೊಂಚು ಹಾಕುವ ಮಿಡತೆಯಂಥ ಬೇಟೆಗಾರ ಹುಳ ಬೇರೆ, ಇದು ಬೇರೆ. ಎಷ್ಟೋ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

ಗೂಡಿಗೆ ಅಗಲಕ್ಕಿಂತ ಎತ್ತರ ಮುಖ್ಯ. ಹುಳದ ಉದ್ದದ ಮೂರು ಪಟ್ಟಾದರೂ ಎತ್ತರ ಬೇಕು. ಯಾಕೆ ಅಂತ ಮುಂದೆ ಹೇಳುತ್ತೇನೆ. ನಾನು ಬಿದಿರಿನ ಚೌಕಟ್ಟು ಕಟ್ಟಿ ಸುತ್ತ ಸೊಳ್ಳೆ ಪರದೆ ಹೊಲಿಸಿದೆ. ಒಳಗೆ ನೀರು ತುಂಬಿದ ಬಾಟಲಿಯಲ್ಲಿ ಪೇರಳೆ, ಗುಲಾಬಿ ಸೊಪ್ಪು ಚುಚ್ಚಿಡುತ್ತೇನೆ. ಬಾಟಲಿಯ ಬಾಯಿಗೆ ಹತ್ತಿ ತುರುಕಿರಬೇಕು, ಇಲ್ಲದಿದ್ದರೆ ಮರಿಗಳು ಒಳಗೆ ಇಳಿದು ಮುಳುಗುತ್ತವೆ. ಪೇಟೆಯಿಂದ ತಂದ ಗುಲಾಬಿ ಬೇಡವೇ ಬೇಡ, ಅದಕ್ಕೆ ಔಷಧಿ ಹೊಡೆದಿರುತ್ತಾರೆ. ಸಂಜೆ ಹೊತ್ತು ಎಲೆ ಮೇಲೆ ನೀರು ಚಿಮುಕಿಸಿದರೆ ಅವು ಹನಿ ಕುಡಿಯುತ್ತವೆ. ಇಷ್ಟೇ ಕೆಲಸ.

ಇಷ್ಟೇ ಅಂದೆ, ಆದರೆ ಇರುವೆ ಇದೆಯಲ್ಲ! ನಮ್ಮ ಕಡೆ ಚಗಳಿ ಇಲ್ಲದ ಮರ ಯಾವುದು ಹೇಳಿ? ಪೊರೆ ಬಿಡುತ್ತಿರುವ ಮರಿ ಚಗಳಿಗೆ ಸಿಕ್ಕರೆ ಕತೆ ಮುಗಿಯಿತು. ಹಿಂದೆ ಹಾಲು ಬೆಣ್ಣೆ ಇಡುವ ಗೂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡುತ್ತಿದ್ದರಲ್ವಾ, ಅದೇ ಉಪಾಯ ಇಲ್ಲೂ ಮಾಡಿದ್ದೇನೆ.

ಪೊರೆ ಬಿಡುವುದನ್ನು ಒಮ್ಮೆಯಾದರೂ ಪೂರ್ತಿ ನೋಡಬೇಕು. ಅದು ಹೆಚ್ಚಾಗಿ ರಾತ್ರಿ ನಡೆಯುತ್ತದೆ. ಹುಳ ಮೊದಲು ತಿನ್ನುವುದನ್ನು ಬಿಡುತ್ತದೆ. ಆಮೇಲೆ ಗೂಡಿನ ಮೇಲ್ಭಾಗಕ್ಕೆ ಹೋಗಿ, ಕಾಲುಗಳಿಂದ ಪರದೆ ಹಿಡಿದು, ತಲೆ ಕೆಳಗಾಗಿ ನೇತಾಡುತ್ತದೆ. ಎದೆಯ ಮೇಲ್ಭಾಗದಲ್ಲಿ ಚರ್ಮ ಸೀಳುತ್ತದೆ. ಮೊದಲು ಬೆನ್ನು, ಆಮೇಲೆ ತಲೆ, ಆಮೇಲೆ ಒಂದೊಂದೇ ಕಾಲು. ಅಷ್ಟು ಉದ್ದದ ಸಪೂರ ಕಾಲು ಹಳೆಯ ಚರ್ಮದೊಳಗಿಂದ ತುದಿವರೆಗೂ ಜಾರಿ ಬರಬೇಕು. ಹೊಸ ಕಾಲು ಮೆತ್ತಗಿರುತ್ತದೆ, ಎಲ್ಲಿ ಬೇಕಾದರೂ ಬಾಗುತ್ತದೆ. ಕೆಳಗೆ ಜಾಗ ಇಲ್ಲದಿದ್ದರೆ ನೆಲಕ್ಕೆ ತಾಗಿ ಸೊಟ್ಟಗಾಗಿ, ಹಾಗೇ ಗಟ್ಟಿಯಾಗುತ್ತದೆ. ಎತ್ತರ ಬೇಕು ಎಂದದ್ದು ಇದಕ್ಕೇ. ಎಲ್ಲ ಮುಗಿದ ಮೇಲೆ ಹುಳ ತಿರುಗಿ ತನ್ನ ಪೊರೆಯನ್ನು ತಾನೇ ತಿಂದು ಮುಗಿಸುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಪೊರೆಯ ಕುರುಹೂ ಇರುವುದಿಲ್ಲ. ಹುಳ ಮಾತ್ರ ನಿನ್ನೆಗಿಂತ ಉದ್ದ!

ಮಳೆಗಾಲದಲ್ಲಿ ಇದೆಲ್ಲ ತಾನಾಗಿ ಆಗುತ್ತದೆ, ಗಾಳಿಯಲ್ಲೇ ತೇವ ಇರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲೇ ಕಷ್ಟ. ಗಾಳಿ ಒಣಗಿದರೆ ಪೊರೆ ಕಾಲಿಗೆ ಅಂಟಿಕೊಳ್ಳುತ್ತದೆ. ಆಗ ಹುಳ ಆ ಕಾಲನ್ನೇ ಬಿಟ್ಟು ಹೊರಬರುತ್ತದೆ. ಹಕ್ಕಿ ಕಾಲು ಹಿಡಿದು ಎಳೆದಾಗಲೂ ಹೀಗೇ, ಬುಡದ ಹತ್ತಿರ ಒಂದು ನಿಗದಿತ ಜಾಗದಲ್ಲಿ ಕಾಲು ಕಳಚುತ್ತದೆ. ಎಳೆಯದಾಗಿದ್ದರೆ ಮುಂದಿನ ಪೊರೆಗಳಲ್ಲಿ ಹೊಸ ಕಾಲು ಬರುತ್ತದೆ. ಮೊದಲು ಮುದುರಿದ ಚಿಕ್ಕ ಕಾಲು, ಪೊರೆ ಬಿಟ್ಟಂತೆಲ್ಲ ಉದ್ದ. ಬೆಳೆದು ಪೊರೆ ಬಿಡುವುದು ನಿಂತ ಮೇಲೆ ಕಳಚಿದರೆ ಮತ್ತೆ ಬರುವುದಿಲ್ಲ. ಭೂತಗನ್ನಡಿ ಹಿಡಿದು ಪಾದ ನೋಡಿ: ಹುಟ್ಟಿನಿಂದ ಬಂದ ಕಾಲಿನ ಪಾದದಲ್ಲಿ 5 ಗಂಟು, ಮತ್ತೆ ಬೆಳೆದ ಕಾಲಿನಲ್ಲಿ 4. ಯಾವ ಕಾಲು ಹಳೆಯದು, ಯಾವುದು ಹೊಸದು ಎಂದು ಲೆಕ್ಕ ಹಾಕಿ ಹೇಳಬಹುದು. ಪ್ರಯೋಗಾಲಯಗಳಲ್ಲಿ ಮೀಸೆಯನ್ನು ಬುಡದಲ್ಲಿ ಕತ್ತರಿಸಿದಾಗ ಆ ಜಾಗದಲ್ಲಿ ಕಾಲು ಬೆಳೆದದ್ದೂ ಉಂಟು. ನಾನಂತೂ ಅಂಥ ಪ್ರಯೋಗಕ್ಕೆ ಕೈ ಹಾಕುವವನಲ್ಲ.

ಮುಟ್ಟಿದರೆ ಸತ್ತಂತೆ ಬೀಳುತ್ತದೆ. ಮುಂಗಾಲು ಎರಡನ್ನೂ ನೇರ ಮುಂದಕ್ಕೆ ಚಾಚುತ್ತದೆ. ಆಗ ತಲೆ ಎಲ್ಲಿ ಹೋಯಿತು ಎಂದು ಹುಡುಕಿ ನೋಡಿ. ಮುಂಗಾಲಿನ ಬುಡದಲ್ಲಿ ಒಂದು ಬಾಗು ಇದೆ, ತಲೆ ಅದರೊಳಗೆ ಸರಿಯಾಗಿ ಕೂರುತ್ತದೆ. ಕಡ್ಡಿ ಎಲ್ಲಿಯೂ ಉಬ್ಬಿದಂತೆ ಕಾಣಬಾರದು ಎನ್ನುವುದಕ್ಕೆ ಇಷ್ಟೆಲ್ಲ ತಯಾರಿ.

ಮೊಟ್ಟೆಯ ವಿಷಯಕ್ಕೆ ಬಂದರೆ ನನಗೆ ಮಾತು ಜಾಸ್ತಿಯಾಗುತ್ತದೆ. ಗೂಡಿನ ತಳಕ್ಕೆ ಪೇಪರ್ ಹಾಸಿದ್ದರೆ ರಾತ್ರಿ ಟಪ್, ಟಪ್ ಎಂದು ಸದ್ದು ಕೇಳುತ್ತದೆ. ಮೊಟ್ಟೆ ಬೀಳುವ ಸದ್ದು ಅದು. ತಾಯಿ ಅದನ್ನು ಎಲ್ಲೂ ಅಂಟಿಸುವುದಿಲ್ಲ, ಕಾಯುವುದಿಲ್ಲ, ಕೂತಲ್ಲಿಂದಲೇ ಉದುರಿಸುತ್ತದೆ. ಬೆಳಿಗ್ಗೆ ಹಿಕ್ಕೆಯ ನಡುವೆ ಆರಿಸಬೇಕು. ಹಿಕ್ಕೆ ಒರಟು, ಒತ್ತಿದರೆ ಪುಡಿಯಾಗುತ್ತದೆ. ಮೊಟ್ಟೆ ಗಟ್ಟಿ, ನುಣುಪು, ಮುಚ್ಚಳ ಮುಚ್ಚಿದ ಪುಟಾಣಿ ಗಡಿಗೆಯಂತೆ ಇರುತ್ತದೆ. ಆ ಮುಚ್ಚಳದ ಮೇಲೆ ಒಂದು ಗುಬುಟು. ನೋಡಿದವರೆಲ್ಲ ಯಾವುದೋ ಬೀಜ ಅಂದುಕೊಳ್ಳುತ್ತಾರೆ.

ಇರುವೆಗೂ ಹಾಗೇ ಅನ್ನಿಸುತ್ತದೆ. ಆ ಗುಬುಟಿನಲ್ಲಿ ಕೊಬ್ಬಿನಂಶ ಇರುತ್ತದೆ. ಕೆಲವು ಕಾಡುಗಿಡಗಳು ಬೀಜದ ತುದಿಗೆ ಇಂಥದೇ ತಿನಿಸು ಅಂಟಿಸಿ ಇರುವೆ ಕೈಲಿ ಬೀಜ ಹೊರಿಸುತ್ತವೆ. ಕಡ್ಡಿಹುಳದ ಉಪಾಯವೂ ಅದೇ. ಇರುವೆ ಮೊಟ್ಟೆಯನ್ನು ಗೂಡಿಗೆ ಒಯ್ದು, ಗುಬುಟು ತಿಂದು, ಉಳಿದದ್ದನ್ನು ಕಸದ ಜೊತೆ ಬಿಸಾಡುತ್ತದೆ. ಒಳಗಿನ ಮರಿಗೆ ಏನೂ ಆಗುವುದಿಲ್ಲ. ಮೇಲಾಗಿ, ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುವ ಪರಾವಲಂಬಿ ಕಣಜಗಳ ಕಣ್ಣಿಗೆ ಮಣ್ಣೊಳಗೆ ಬೀಳುವುದಿಲ್ಲ. ನಾನು ಕೆಲವು ಮೊಟ್ಟೆಗಳನ್ನು ಜಗಲಿ ಕಟ್ಟೆಯಲ್ಲಿ ಇರುವೆ ಸಾಲಿನ ಹತ್ತಿರ ಇಟ್ಟು ನೋಡಿದೆ. ದೊಡ್ಡ ಗೊದ್ದ ಮೂಸಿ ನೋಡಿ ಮುಂದೆ ಹೋಯಿತು. ಚಿಕ್ಕ ಕಪ್ಪಿರುವೆ ಬಂದು ಗುಬುಟು ಕಚ್ಚಿ ಎಳೆದುಕೊಂಡು ಕಲ್ಲಿನ ಸಂದಿಗೆ ಇಳಿಯಿತು. ಮರಿಯನ್ನು ತಿನ್ನುವುದೂ ಇರುವೆ, ಮೊಟ್ಟೆಯನ್ನು ಹೊತ್ತು ಕಾಪಾಡುವುದೂ ಇರುವೆ!

ಮನೆಯಲ್ಲಿ ಮರಿ ಮಾಡಿಸುವುದಾದರೆ ಡಬ್ಬಿಯಲ್ಲಿ ತೇವದ ಮರಳು ಹಾಕಿ ಅದರ ಮೇಲೆ ಮೊಟ್ಟೆ ಇಡಿ. ಮುಚ್ಚಳಕ್ಕೆ ತೂತು ಇರಲಿ. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಆಗಾಗ ಒರೆಸಿ ಮರಳು ಬದಲಿಸಬೇಕು. ತಿಂಗಳುಗಟ್ಟಲೆ ಏನೂ ಆಗುವುದಿಲ್ಲ. ಆಮೇಲೆ ಒಂದು ದಿನ ಮುಚ್ಚಳ ತೆರೆದಿರುತ್ತದೆ, ಎರಡು-ಮೂರು ಮಿಲಿಮೀಟರ್ ಮೊಟ್ಟೆಯಿಂದ ಒಂದು ಸೆಂಟಿಮೀಟರ್‌ಗಿಂತ ಉದ್ದದ ಮರಿ ಹೊರಗಿರುತ್ತದೆ. ಕೆಲವು ಮರಿಗಳ ಹಿಂಗಾಲಿಗೆ ಮೊಟ್ಟೆಯ ಚಿಪ್ಪು ಸಿಕ್ಕಿಕೊಂಡೇ ಇರುತ್ತದೆ. ಎಳೆಯಬೇಡಿ, ತಾನಾಗಿ ಬೀಳಲಿ.

ಗಂಡು ಇಲ್ಲದೆ ಮರಿ ಆಗುತ್ತದೆಯೇ? ಕಾಡಿನಿಂದ ತಂದ ಹೆಣ್ಣಿನಿಂದ ಇದು ತಿಳಿಯುವುದಿಲ್ಲ, ಅದು ಮೊದಲೇ ಕೂಡಿರಬಹುದು. ಹಾಗಾಗಿ ಮೊಟ್ಟೆಯಿಂದ ಬಂದ ಒಂದು ಮರಿಯನ್ನು ಬೇರೆ ಗೂಡಿನಲ್ಲಿ ಒಂಟಿಯಾಗಿ ಬೆಳೆಸಿದೆ. ಅದೂ ಮೊಟ್ಟೆ ಉದುರಿಸಿತು, ತಡವಾಗಿಯಾದರೂ ಕೆಲವು ಮರಿಯಾದವು. ತಮಿಳುನಾಡಿನ ಪಳನಿ ಬೆಟ್ಟದ ಕರಾಸಿಯಸ್ ಮೊರೋಸಸ್ ಎಂಬ ಜಾತಿ ಇದರಲ್ಲಿ ಹೆಸರುವಾಸಿ. ಜಗತ್ತಿನ ಪ್ರಯೋಗಾಲಯಗಳಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಹೆಚ್ಚುಕಡಿಮೆ ಬರೀ ಹೆಣ್ಣುಗಳಿಂದಲೇ ಅದರ ಸಂತತಿ ನಡೆದುಬಂದಿದೆ. ಇದಕ್ಕೆ ತದ್ವಿರುದ್ಧವಾಗಿ, ನಮ್ಮ ದೇಶದ್ದೇ ಆದ ನೆಕ್ರೋಸಿಯಾ ಸ್ಪರಾಕ್ಸೆಸ್ ಜಾತಿಯ ಜೋಡಿ 79 ದಿನ ಕೂಡಿಕೊಂಡೇ ಇದ್ದ ದಾಖಲೆ ಇದೆ. ಗಂಡು ಹೆಣ್ಣಿನ ಬೆನ್ನು ಬಿಡದೆ ಕಾಯುವುದು ಬೇರೆ ಗಂಡು ಬರದಿರಲಿ ಅಂತ.

ಗಂಡಿಲ್ಲದೆ ಬೆಳೆಯುವ ಮೊಟ್ಟೆಗೆ ಇನ್ನೊಂದು ಲಾಭ ಇದೆ. ಜಪಾನಿನ ಕೋಬೆ ವಿಶ್ವವಿದ್ಯಾಲಯದವರು ಅಲ್ಲಿನ ಒಂದು ಜಾತಿಯ ಪಿಕಳಾರಕ್ಕೆ ಕಡ್ಡಿಹುಳದ ಮೊಟ್ಟೆ ತಿನ್ನಿಸಿ ನೋಡಿ, 2018ರಲ್ಲಿ ಅದರ ಬಗ್ಗೆ ಪ್ರಕಟಿಸಿದರು. ಕೆಲವು ಮೊಟ್ಟೆ ಒಡೆಯದೆ ಹಿಕ್ಕೆಯಲ್ಲಿ ಹೊರಬಂದವು, ಅವುಗಳಲ್ಲಿ ಕೆಲವು ಮರಿಯೂ ಆದವು. ಹೆಚ್ಚಿನ ಕೀಟಗಳಲ್ಲಿ ಮೊಟ್ಟೆ ಇಡುವ ಹೊತ್ತಿಗಷ್ಟೇ ಗಂಡಿನ ಬೀಜ ಸೇರುವುದು, ಅದಕ್ಕೇ ಹಕ್ಕಿ ನುಂಗಿದ ಹೆಣ್ಣಿನ ಹೊಟ್ಟೆಯೊಳಗಿನ ಮೊಟ್ಟೆ ಪ್ರಯೋಜನಕ್ಕೆ ಬರುವುದಿಲ್ಲ. ರೆಕ್ಕೆಯಿಲ್ಲದ ಹುಳ ದೂರ ಹೋಗುವುದು ಹೇಗೆ ಎನ್ನುವ ಪ್ರಶ್ನೆಗೆ ಇದೂ ಒಂದು ಉತ್ತರ. ಅಂದಿನಿಂದ ನಮ್ಮ ಪೇರಳೆ ಗಿಡಕ್ಕೆ ಬರುವ ಪಿಕಳಾರವನ್ನು ಓಡಿಸುವುದು ಬಿಟ್ಟಿದ್ದೇನೆ. ಹಣ್ಣೂ ತಿನ್ನುತ್ತದೆ, ಬಿಡಿ.

ಒಂದು ಗೂಡಿನಲ್ಲಿ ಒಂದು ಹೆಣ್ಣು ಇದ್ದರೂ ಮುಂದಿನ ವರ್ಷ ಗೂಡು ತುಂಬುತ್ತದೆ. ಆಸ್ಟ್ರೇಲಿಯಾದ ಲಾರ್ಡ್ ಹೋವ್ ದ್ವೀಪದಲ್ಲಿ 1918ರಲ್ಲಿ ಹಡಗಿನಿಂದ ಇಳಿದ ಇಲಿಗಳು ಅಲ್ಲಿನ ದೊಡ್ಡ ಕಡ್ಡಿಹುಳವನ್ನು ತಿಂದು ಮುಗಿಸಿದವು. 2001ರಲ್ಲಿ ಹತ್ತಿರದ ಕಡಲಬಂಡೆ ಬಾಲ್ಸ್ ಪಿರಮಿಡ್‌ನ ಪೊದೆಯಲ್ಲಿ ಬೆರಳೆಣಿಕೆಯಷ್ಟು ಸಿಕ್ಕವು. 2003ರಲ್ಲಿ ತಂದ ಎರಡು ಜೋಡಿಗಳಲ್ಲಿ ಒಂದು ಮೆಲ್ಬರ್ನ್ ಮೃಗಾಲಯಕ್ಕೆ ಹೋಯಿತು, ಅಲ್ಲಿನವರು ಸಾವಿರಾರು ಬೆಳೆಸಿದರು. ನನ್ನ ಗೂಡಿನಲ್ಲಿ ಮರಿಗಳು ಜಾಸ್ತಿಯಾದಾಗಲೆಲ್ಲ ಅದೇ ನೆನಪಾಗುತ್ತದೆ. ಹೆಚ್ಚಾದದ್ದನ್ನು ಹಿಡಿದ ಗಿಡದಲ್ಲೇ ಬಿಡುತ್ತೇನೆ, ಬೇರೆ ಊರಿಗೆ ಒಯ್ದು ಬಿಡುವುದಿಲ್ಲ. ಊರಿನ ಮಕ್ಕಳು ಕೇಳಿದರೆ ಕೊಡುತ್ತೇನೆ. ಕೊಡುವ ಮೊದಲು ಮಾತ್ರ "ಮನೆ ಹತ್ತಿರ ಪೇರಳೆ ಗಿಡ ಇದ್ಯಾ?" ಎಂದು ಕೇಳಿಯೇ ಕೇಳುತ್ತೇನೆ.