ಹೊಸ ರೀಫ್ ಟ್ಯಾಂಕ್‌ಗೆ ನೀರು ಬದಲಿಸಿದ್ದು: ಕಲಬುರಗಿಯಲ್ಲಿ ನನ್ನ ಅನುಭವ

ರೀಫ್ ಟ್ಯಾಂಕ್ ಅಂದರೆ ಹವಳ ಬೆಳೆಸುವ ಉಪ್ಪು ನೀರಿನ ಅಕ್ವೇರಿಯಂ. ಹೊಸ ಟ್ಯಾಂಕ್ ಅಂದರೆ ವಾರಕ್ಕೆ ಕಾಲು ಭಾಗ ನೀರು ಬದಲಿಸಲೇಬೇಕು ಅನ್ನುವವರೇ ಜಾಸ್ತಿ. ಅದನ್ನು ಬಿಟ್ಟ ಮೇಲೆಯೇ ನನ್ನ ಟ್ಯಾಂಕ್ ಸ್ಥಿರವಾಯಿತು. ಈಗ ಹೆಚ್ಚುಕಡಿಮೆ ಒಂದೂವರೆ ವರ್ಷ ಆಯಿತು. ಜೋಡಿ ಕ್ಲೌನ್ ಮೀನು, ಝೊಆಂಥಸ್, ಮಶ್ರೂಮ್, ಒಂದು ಲೆದರ್. ಈ ಕೊನೆಯ ಮೂರೂ ಮೆತ್ತನೆಯ ಹವಳಗಳೇ. ನಮ್ಮ ಕಡಲಿನ ಗಟ್ಟಿ ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಅದರ ತಂಟೆಗೆ ನಾನು ಹೋಗಿಲ್ಲ, ಯಾರೂ ಹೋಗಬಾರದು.

"ಅಣ್ಣಾ, ಈ ಬಿಸಲಾಗ ಮನಷ್ಯಾನೇ ತಡೀವಲ್ಲ, ಹವಳ ತಡೀತದಾ?" ಅಂತ ಮೀನಿನ ಅಂಗಡಿಯ ಹುಡುಗ ಕೇಳಿದ್ದ. ಮೊನ್ನೆ ಅವನೇ ಬಂದು ನನ್ನ ಹತ್ತಿರ ಝೊಆ ತುಂಡು ಒಯ್ದ. ನನ್ನ ಟ್ಯಾಂಕಿನಲ್ಲಿ ಬೆಳೆದದ್ದು, ಮುಂಬೈಯಿಂದ ರಾತ್ರಿ ರೈಲಿಗೆ ಥರ್ಮಾಕೋಲ್ ಡಬ್ಬಿಯಲ್ಲಿ ಬಂದದ್ದಲ್ಲ.

ಮೊದಲು ಎಲ್ಲರ ಮಾತಿನಂತೆ ನಡೆದು ಏನಾಯಿತು ಅಂತ ಹೇಳುತ್ತೇನೆ. ಟ್ಯಾಂಕಿನಲ್ಲಿ ಸುಮಾರು 180 ಲೀಟರ್ ನೀರಿದೆ. ಕಾಲು ಭಾಗ ಅಂದರೆ 45 ಲೀಟರ್. ಅದಕ್ಕೆ ಒಂದೂಮುಕ್ಕಾಲು ಕೆಜಿ ಹತ್ತಿರ ಉಪ್ಪು. ಕೆಜಿಗೆ 350 ರೂಪಾಯಿ ಅಂತ ಹಿಡಿದರೂ ವಾರಕ್ಕೆ 600, ತಿಂಗಳಿಗೆ 2,400. ನೀರು ಶುದ್ಧ ಮಾಡುವಾಗ ಆರ್‌ಒ ಹೊರಗೆ ಬಿಡುವ ನೀರು ಇದರ ಮೂರು ಪಟ್ಟು. ಹೋಗಲಿ, ದುಡ್ಡು ಹೋದರೂ ಹವಳ ಅರಳಬೇಕಲ್ಲ? ಭಾನುವಾರ ನೀರು ಬದಲಿಸಿದರೆ ಬುಧವಾರದವರೆಗೆ ಝೊಆಗಳು ಮುಚ್ಚಿಕೊಂಡೇ ಇರುತ್ತಿದ್ದವು. ರೀಫ್ ಉಪ್ಪು ಕಲಸಿದ ಹೊಸ ನೀರಿನ ಕೆಎಚ್ (ಕ್ಷಾರತೆಯ ಅಳತೆ) 11, ಟ್ಯಾಂಕಿನದು 8. ವಾರ ವಾರ ಮುಕ್ಕಾಲು ಅಂಕ ಮೇಲೆ ಜಿಗಿಯುವುದು, ಮತ್ತೆ ಇಳಿಯುವುದು. ಇದರ ಮೇಲೆ ಮೀನಿನ ಆಹಾರ, ಹೊಲಸಿನಿಂದ ಬರುವ ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಗೆ ಬಂದವು. ಆಮೇಲೆ ಮರಳಿನ ಮೇಲೆ ಕಂದು ಲೋಳೆ, ಎಳೆ ಎಳೆಯಾಗಿ, ತುದಿಗೆ ಗುಳ್ಳೆ. ಡೈನೋ, ಅಂದರೆ ಡೈನೋಫ್ಲಾಜೆಲೇಟ್ ಅನ್ನುವ ಸೂಕ್ಷ್ಮಜೀವಿ. ಬಸವನಹುಳುಗಳು ಒಂದೊಂದಾಗಿ ಸತ್ತವು. "ಇನ್ನೂ ಜಾಸ್ತಿ ನೀರು ಬದಲಿಸು" ಅಂದರು. ಬದಲಿಸಿದಷ್ಟೂ ಲೋಳೆ ದಟ್ಟವಾಯಿತು.

ಎರಡನೇ ಸಲ ಟ್ಯಾಂಕ್ ಕಟ್ಟಿದಾಗ ದಾರಿ ಬದಲಿಸಿದೆ. ಸೈಕಲ್, ಅಂದರೆ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ನೆಲೆಯೂರುವ ಹಂತ, ಮುಗಿಯುವವರೆಗೆ ಒಂದು ಲೋಟ ನೀರೂ ತೆಗೆಯಲಿಲ್ಲ. ಅಮೋನಿಯಂ ಕ್ಲೋರೈಡ್ ಹಾಕಿ ಅಮೋನಿಯಾವನ್ನು 2 ಪಿಪಿಎಂಗೆ (ಲೀಟರಿಗೆ 2 ಮಿಲಿಗ್ರಾಂ) ತರುವುದು, ಕಾಯುವುದು. ಅದು ಒಂದೇ ದಿನದಲ್ಲಿ ಸೊನ್ನೆಗೆ ಇಳಿದು, ನೈಟ್ರೈಟ್ ಕೂಡ ಹೋದ ಮೇಲೆ ಒಂದೇ ಏಟಿಗೆ ಅರ್ಧ ನೀರು ಬದಲಿಸಿದೆ. ಒಳಗೆ ಜೀವ ಇಲ್ಲದ ಹೊತ್ತು, ಎಷ್ಟು ತೆಗೆದರೂ ಯಾರಿಗೂ ನೋವಿಲ್ಲ. ಆಮೇಲೆ ಡಯಾಟಮ್ ಅನ್ನುವ ಕಂದು ಪಾಚಿ ಬಂತು, ಮರಳೆಲ್ಲ ಕಂದು. ಅದನ್ನು ಸುಮ್ನೆ ಬಿಟ್ಟೆ. ಸಿಲಿಕೇಟ್ ತೀರಿದ ಮೇಲೆ ತಾನೇ ಹೋಯಿತು.

ಅಲ್ಲಿಂದ ಮೂರು ತಿಂಗಳು ನಾನು ಕ್ಯಾಲೆಂಡರ್ ನೋಡಲಿಲ್ಲ, ಟೆಸ್ಟ್ ಕಿಟ್ ನೋಡಿದೆ. ನೈಟ್ರೇಟ್ 5ರ ಒಳಗಿದ್ದರೆ ನೀರು ಮುಟ್ಟುವುದಿಲ್ಲ. 10 ದಾಟಿದರೆ ಹತ್ತರಲ್ಲಿ ಒಂದು ಭಾಗ, ಅಂದರೆ 18 ಲೀಟರ್. 20ರ ಹತ್ತಿರ ಹೋದರೆ ಅದೇ ವಾರ ಇನ್ನೊಮ್ಮೆ. ಹೀಗೆ ಮಾಡಿದಾಗ ನೀರು ಬದಲಿಸುವ ಸರದಿ ಸುಮಾರು ಎರಡು ವಾರಕ್ಕೊಮ್ಮೆ ಬಂತು. ಉಪ್ಪಿನ ಖರ್ಚು ತಿಂಗಳಿಗೆ 500ಕ್ಕೆ ಇಳಿಯಿತು. ಮೀನು ಬಿಟ್ಟ ಮೇಲೆ ಅಮೋನಿಯಾ ಕಂಡರೆ ಮಾತ್ರ ಈ ಲೆಕ್ಕ ಇಲ್ಲ, ಆಗ ತಡಮಾಡದೆ ದೊಡ್ಡದಾಗಿಯೇ ಬದಲಿಸಬೇಕು.

ಈಗ ಹವಳ ತುಂಬಿದೆ, ವಾರಕ್ಕೊಮ್ಮೆ 18 ಲೀಟರ್ ಮಾಡುತ್ತೇನೆ. ನೀರು ಬದಲಿಸುತ್ತಿದ್ದರೆ ನೈಟ್ರೇಟ್ ತಾನೇ ಇಳಿಯುತ್ತದೆ ಅಂತ ನಂಬಿ ಕೂರಬೇಡಿ. ವಾರಕ್ಕೆ 2 ಪಿಪಿಎಂ ಏರುವ ಟ್ಯಾಂಕಿನಲ್ಲಿ ಹತ್ತನೇ ಒಂದು ಭಾಗ ಬದಲಿಸುತ್ತಾ ಹೋದರೆ ಅದು 20ರ ಆಸುಪಾಸು ಹೋಗಿ ನಿಲ್ಲುತ್ತದೆ, ಅದಕ್ಕಿಂತ ಕೆಳಗೆ ಬರುವುದಿಲ್ಲ. ಆಹಾರ ಹಾಕುವ ಕೈಯನ್ನೇ ಹಿಡಿಯಬೇಕು.

ನೀರಿನ ವಿಷಯಕ್ಕೆ ಬರೋಣ. ನಮ್ಮ ಬೋರಿನ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) 900ರ ಹತ್ತಿರ. ನಳಕ್ಕೆ ಭೀಮಾ, ಬೆಣ್ಣೆತೊರೆ ನೀರು ಬರುತ್ತದೆ, ಅದರಲ್ಲಿ ಕ್ಲೋರಿನ್ ಇರುತ್ತದೆ, ಮಳೆಗಾಲದಲ್ಲಿ ಮಣ್ಣೂ ಇರುತ್ತದೆ. 20 ಲೀಟರ್ ಕ್ಯಾನಿನ ನೀರನ್ನೂ ಅಳೆದು ನೋಡಿದೆ. ಒಂದು ದಿನ 60, ಇನ್ನೊಂದು ದಿನ 140. ಕುಡಿಯೋಕೆ ಸರಿ, ಹವಳಕ್ಕಲ್ಲ. ಮನೆಯ ಆರ್‌ಒ ಆದ ನಂತರ ಡಿಐ (ಉಳಿದ ಲವಣವನ್ನೂ ತೆಗೆಯುವ ಫಿಲ್ಟರ್) ಜೋಡಿಸುವವರು ಮೊದಲು ಅದರ ಮುಚ್ಚಳ ತೆಗೆದು ನೋಡಿ. ರುಚಿಗೆ ಅಂತ ಹಸಿ ನೀರು ಬೆರೆಸುವ ಸಣ್ಣ ತಿರುಪು ಇರುತ್ತದೆ, ಅದನ್ನು ಪೂರ್ತಿ ಮುಚ್ಚಿ. ಈಗೀಗ ತಾಮ್ರದ ಕಾರ್ಟ್ರಿಜ್ ಕೂಡ ಕೂರಿಸಿರುತ್ತಾರೆ. ತಾಮ್ರ ಮನುಷ್ಯನಿಗೆ ಒಳ್ಳೆಯದು ಅಂತ ಮಾರುತ್ತಾರೆ, ಹವಳಕ್ಕೂ ಸೀಗಡಿಗೂ ಅದು ವಿಷ. ಆ ಕಾರ್ಟ್ರಿಜ್‌ಗೆ ಹೋಗುವ ಮೊದಲೇ ನಾನು ನಳಿಕೆಯಿಂದ ನೀರು ತೆಗೆದುಕೊಳ್ಳುತ್ತೇನೆ.

ಬೇಸಿಗೆಯಲ್ಲಿ ನೀರು ಬದಲಿಸುವುದಕ್ಕಿಂತ ಆವಿಯಾದದ್ದನ್ನು ತುಂಬುವುದೇ ದೊಡ್ಡ ಕೆಲಸ. 42 ಡಿಗ್ರಿ ಬಿಸಿಲಿದ್ದರೂ ಇಲ್ಲಿಯ ಗಾಳಿ ಒಣಗಾಳಿ. ನೀರಿನ ಮೇಲೆ ಎರಡು ಸಣ್ಣ ಫ್ಯಾನ್ ಬಿಟ್ಟರೆ 3-4 ಡಿಗ್ರಿ ಇಳಿಯುತ್ತದೆ. 35 ಸಾವಿರದ ಚಿಲ್ಲರ್ ಬೇಕೇ ಬೇಕು ಅಂದಿದ್ದರು, ನಾನು ಫ್ಯಾನಿನಲ್ಲೇ ಎರಡು ಬೇಸಿಗೆ ದಾಟಿಸಿದೆ. ಆದರೆ ದಿನಕ್ಕೆ 6-7 ಲೀಟರ್ ಆವಿಯಾಗುತ್ತದೆ. ಅದಕ್ಕೆ ತುಂಬಬೇಕಾದ್ದು ಉಪ್ಪಿಲ್ಲದ ಡಿಐ ನೀರು. ಉಪ್ಪು ನೀರನ್ನೇ ಸುರಿದರೆ ಲೀಟರಿಗೆ 35 ಗ್ರಾಂ ಆಸುಪಾಸು ಇದ್ದ ಉಪ್ಪು ವಾರದಲ್ಲೇ 40 ದಾಟುತ್ತದೆ. ಜುಲೈ ಬಂದು ಗಾಳಿ ತೇವವಾದರೆ ಫ್ಯಾನ್ ಕೆಲಸ ಅರ್ಧವೂ ಆಗುವುದಿಲ್ಲ, ಅಷ್ಟರಲ್ಲಿ ಬಿಸಿಲೂ ಇಳಿದಿರುತ್ತದೆ. ಏಪ್ರಿಲ್, ಮೇನಲ್ಲಿ ಹೊಸ ನೀರನ್ನು ರಾತ್ರಿ ಪಂಪ್ ಬಿಟ್ಟು ಕಲಸಿಟ್ಟು ಬೆಳಗಿನ ಜಾವ ಐದರ ಹೊತ್ತಿಗೆ ಬದಲಿಸುತ್ತೇನೆ. ಮಧ್ಯಾಹ್ನ ಆ ಡ್ರಮ್ಮಿನ ನೀರು 36 ಡಿಗ್ರಿ ಇರುತ್ತದೆ.

ನಡುವೆ ಒಂದು ಪ್ರಯೋಗ ಮಾಡಿದೆ. ಶಹಾಬಾದ್ ಕಲ್ಲು ಸುಣ್ಣದ ಕಲ್ಲೇ ಅಲ್ವಾ, ಕ್ಯಾಲ್ಸಿಯಂ ಬಿಡಬಹುದೇನೋ ಅಂತ ಒಂದು ತುಂಡು ತೊಳೆದು ಉಪ್ಪು ನೀರಿನ ಬಕೆಟ್‌ನಲ್ಲಿ ಒಂದು ತಿಂಗಳು ಇಟ್ಟೆ. ವಿನೆಗರ್ ಹನಿಸಿದರೆ ನೊರೆ ಬರುತ್ತದೆ, ಉಪ್ಪು ನೀರಿನಲ್ಲಿ ಮಾತ್ರ ಏನೂ ಕರಗಲಿಲ್ಲ. ಕ್ಯಾಲ್ಸಿಯಂ 420 ಇದ್ದದ್ದು 420. ಪಿಎಚ್ 8ರ ಮೇಲಿರುವ ನೀರು ಆ ಕಲ್ಲನ್ನು ತಿನ್ನುವುದಿಲ್ಲ. ಫಾಸ್ಫೇಟೂ ಏರಲಿಲ್ಲ. ಈಗ ಅದು ಟ್ಯಾಂಕಿನಲ್ಲಿ ರಾಕ್ ಕೆಳಗೆ ಹಾಸುಗಲ್ಲಾಗಿದೆ, ಖರ್ಚಿಲ್ಲದೆ.

ಹೊಸ ನೀರಿನ ಕೆಎಚ್ ಅನ್ನು ಟ್ಯಾಂಕಿಗೆ ಸರಿಹೊಂದಿಸಲು ನನ್ನದೊಂದು ದಾರಿ ಇದೆ. ಅದನ್ನು ಕಂಡುಕೊಳ್ಳೋಕೆ ಒಂದು ಡಬ್ಬಿ ಉಪ್ಪು ಖರ್ಚಾಗಿದೆ, ಸದ್ಯಕ್ಕೆ ಅದು ನನ್ನ ಹತ್ತಿರವೇ ಇರಲಿ. ಬೇರೆ ಉಪ್ಪು ಹುಡುಕುವವರು ಕಲಸಿದಾಗ ಕೆಎಚ್ 8ರ ಹತ್ತಿರ ಬರುವುದನ್ನು ತಗೊಳ್ಳಿ, ಅರ್ಧ ತಲೆನೋವು ಅಲ್ಲೇ ಹೋಗುತ್ತದೆ. ದೊಡ್ಡ ಡಬ್ಬಿ ತಂದರೆ ಅಗ್ಗ, ಆದರೆ ತೆರೆದ ದಿನವೇ ಎರಡೆರಡು ಕೆಜಿ ಕಟ್ಟಿ ಗಾಳಿಯಾಡದ ಡಬ್ಬದಲ್ಲಿಡಿ. ಮಳೆಗಾಲದ ತೇವಕ್ಕೆ ಗಟ್ಟಿಯಾದ ಉಪ್ಪು ಕಲಸಿದರೆ ತಳದಲ್ಲಿ ಬಿಳಿ ಪುಡಿ ಉಳಿಯುತ್ತದೆ, ಕೆಎಚ್ ಕಡಿಮೆ ತೋರಿಸುತ್ತದೆ. ಅಂಥದ್ದನ್ನು ಟ್ಯಾಂಕಿಗೆ ಹಾಕಬೇಡಿ.