ಮುಳ್ಳುತಂತಿಯ ಎತ್ತು

ಅಮೆರಿಕದ ನೆಬ್ರಾಸ್ಕ ರಾಜ್ಯದ ಪ್ಲಾಟ್ ನದಿಯ ಬಯಲಿನಲ್ಲಿ ಹಳೆಯ ಹೊಲಮನೆಗಳ ಹಿಂದೆ ರಾಶಿಬಿದ್ದ ಕಬ್ಬಿಣವನ್ನು ಕೇಳಿ ತಂದು ನಾನು ಮಾಡಿದ ಶಿಲ್ಪ ಒಂದು ಎತ್ತು. ಹೊಸ ನೆಲ ಅರಸಿ ಜನ ಅಮೆರಿಕದ ಪಶ್ಚಿಮಕ್ಕೆ ಹೊರಟ ವಲಸೆಯೆಂದೊಡನೆ ಎಲ್ಲರಿಗೂ ಕುದುರೆ ನೆನಪಾಗುತ್ತದೆ. ಆದರೆ 1840ರ ದಶಕದಿಂದ ಈ ಬಯಲನ್ನು ಹಾದು ಪಶ್ಚಿಮ ಕರಾವಳಿಯ ಒರೆಗಾನ್‌ವರೆಗೆ, ಸುಮಾರು 3,200 ಕಿಲೋಮೀಟರ್ ದೂರ, ಬಂಡಿಗಳನ್ನು ಹೆಚ್ಚಾಗಿ ಎಳೆದವು ಎತ್ತುಗಳೇ. ಆ ದುಡಿಮೆಗೆ ಒಂದು ರೂಪ ಸಲ್ಲಬೇಕೆಂಬುದು ನನ್ನ ಹಂಬಲವಾಗಿತ್ತು.

ಸಿಕ್ಕ ವಸ್ತುವನ್ನು ಬಗ್ಗಿಸುವುದಕ್ಕಿಂತ, ಅದು ದೇಹದ ಯಾವ ಭಾಗಕ್ಕೆ ಒಗ್ಗುತ್ತದೆಂದು ಹುಡುಕುವುದು ನಾನು ಇಟ್ಟುಕೊಂಡ ನಿಯಮ. ಕಮ್ಮಾರ ಕಾಯಿಸಿ ಮರದ ಗಾಲಿಗೆ ತೊಡಿಸಿದ್ದ ಕಬ್ಬಿಣದ ಪಟ್ಟಿಯನ್ನು ತುಂಡರಿಸಿದರೆ ಪಕ್ಕೆಲುಬಿನ ಬಾಗು ಸಿದ್ಧವಾಗಿಯೇ ಇರುತ್ತದೆ. ಹುಲ್ಲು ಬಾಚುವ ಕುಂಟೆಯ ಉದ್ದನೆಯ ಹಲ್ಲುಗಳು ಕೊಂಬುಗಳಾದವು, ನೇಗಿಲ ಗುಳ ಮುಖವಾಯಿತು. ಕತ್ತು ಮಾತ್ರ ಬಹಳ ಕಾಲ ಹಿಡಿಯಿತು. ನಮ್ಮ ಹಳ್ಳಿಕಾರ್ ಎತ್ತಿಗೆ ಹಿಣಿಲಿದೆ, ನೊಗ ಅದರ ಮುಂದೆ ಕೂರುತ್ತದೆ. ಯುರೋಪಿನಿಂದ ಬಂದ ತಳಿಗಳಿಗೆ ಹಿಣಿಲಿಲ್ಲ, ಅವುಗಳ ನೊಗದಿಂದ ಇಳಿದ ಬಾಗಿದ ಮರ ಕತ್ತನ್ನು ಬಳಸಿ ಹೆಗಲಿಗೆ ಒತ್ತುತ್ತದೆ. ಭಾರ ಬೀಳುವ ಈ ವ್ಯತ್ಯಾಸ ತಿಳಿದ ಮೇಲೆಯೇ ತಲೆಯನ್ನು ಎಷ್ಟು ತಗ್ಗಿಸಬೇಕೆಂಬುದು ನಿಶ್ಚಯವಾಯಿತು.

ಚರ್ಮದ ಬದಲು ಮೈತುಂಬ ಮುಳ್ಳುತಂತಿ ಸುತ್ತಿದ್ದೇನೆ. ಇಲಿನಾಯ್‌ನ ಜೋಸೆಫ್ ಗ್ಲಿಡನ್ 1874ರಲ್ಲಿ ಪೇಟೆಂಟ್ ಪಡೆದ ಈ ತಂತಿ ಬಂಡಿಗಳ ಕಾಲಕ್ಕಿಂತ ಈಚಿನದೆಂಬುದನ್ನು ಬಲ್ಲೆ, ಬೇಕೆಂದೇ ಸೇರಿಸಿದೆ. ನೆಲೆಸಲು ಬಂದವರಿಗೆ ಸರ್ಕಾರ ನೆಲ ಕೊಟ್ಟ 1862ರ ಹೋಮ್‌ಸ್ಟೆಡ್ ಕಾಯ್ದೆಯಂತೆ ಒಬ್ಬೊಬ್ಬರಿಗೆ 160 ಎಕರೆವರೆಗೆ ಹಂಚಿಹೋದ, ಮರಗಳೇ ವಿರಳವಾದ ಈ ನೆಲಕ್ಕೆ ಬೇಲಿಯಾಗಿ ಬಂದದ್ದು ಇದೇ ತಂತಿ. ಇಲ್ಲಿ ತಲೆಮಾರುಗಳಿಂದ ಬದುಕಿದ್ದ ಪಾನೀ ಎಂಬ ಮೂಲನಿವಾಸಿ ಜನರು 1870ರ ದಶಕದಲ್ಲಿ ಇಂದಿನ ಒಕ್ಲಹೋಮಕ್ಕೆ ಹೋಗಬೇಕಾಯಿತು. ವಲಸಿಗರ ಸಾಹಸವನ್ನಷ್ಟೇ ಹೇಳುವ ಎತ್ತು ನನಗೆ ಬೇಕಿರಲಿಲ್ಲ.

ತಂತಿಯ ಸತುವಿನ ಲೇಪ ವೆಲ್ಡಿಂಗ್‌ನ ಬಿಸಿಗೆ ಹೊಗೆಯಾಗುತ್ತದೆ, ಅದನ್ನು ಉಸಿರಾಡಿದರೆ ಜ್ವರ ಬರುತ್ತದೆ. ಆದ್ದರಿಂದ ತಂತಿಯನ್ನೆಲ್ಲ ಬೆಸೆಯದೆ ಕಟ್ಟಿದ್ದೇನೆ. ಎರಕದ ಕಬ್ಬಿಣವೂ ಬೆಸುಗೆಯ ಪಕ್ಕದಲ್ಲಿ ಸುಲಭವಾಗಿ ಬಿರಿಯುವುದರಿಂದ ಅಂಥ ತುಣುಕುಗಳಿಗೆ ಬೋಲ್ಟ್ ಹಾಕಿದೆ. ಹುಡಿಯಾಗಿ ಉದುರುವ ತುಕ್ಕನ್ನು ತಂತಿಬ್ರಷ್‌ನಿಂದ ಉಜ್ಜಿ ತೆಗೆದು, ಉಳಿದದ್ದರ ಮೇಲೆ ಅಗಸೆ ಎಣ್ಣೆ ತೆಳುವಾಗಿ ಸವರಿದ್ದೇನೆ. ಮುಳ್ಳುಗಳನ್ನು ಮೊಂಡು ಮಾಡಲು ಮನಸ್ಸು ಒಪ್ಪಲಿಲ್ಲವಾದ್ದರಿಂದ, ನೋಡುವವರ ಕೈಗೆಟುಕದಷ್ಟು ಎತ್ತರದ ಕಟ್ಟೆಯ ಮೇಲೆ ಅದನ್ನು ನಿಲ್ಲಿಸಿದ್ದೇನೆ.