ನಂಬರ್ ಧಾರವಾಡದ್ದು, ನೆಟ್ ಜರ್ಮನಿಯದ್ದು

2014ರ ನವೆಂಬರ್. ಸ್ಟುಟ್‌ಗಾರ್ಟ್‌ನ ಮಗಳ ಮನೆಗೆ ನಾವಿಬ್ಬರೂ ಹೋಗಿ ಮೂರು ದಿನವಾಗಿತ್ತು. ಬೆಳಗಿನ ಐದೂವರೆ, ಹೊರಗೆ ಇನ್ನೂ ಕಗ್ಗತ್ತಲು. ದಿಂಬಿನ ಪಕ್ಕದಲ್ಲಿದ್ದ ಫೋನ್ ಹೊಡೆದುಕೊಂಡಿತು. ಊರಲ್ಲಿ ಅವ್ವನಿಗೆ ಏನಾಯಿತೋ ಎಂದು ಎದೆ ಝಲ್ಲೆಂದಿತು. ಎತ್ತಿದರೆ, "ಸರ್, ನಿಮಗೆ ಪರ್ಸನಲ್ ಲೋನ್ ಆಫರ್ ಇದೆ" ಎಂಬ ಹುಡುಗಿಯ ದನಿ. ಚಳಿಗಾಲದಲ್ಲಿ ಅಲ್ಲಿಗೂ ನಮಗೂ ನಾಲ್ಕೂವರೆ ತಾಸಿನ ಅಂತರ. ಪಾಪ, ಆಕೆ ಹತ್ತು ಗಂಟೆಗೆ ಆಫೀಸಿಗೆ ಬಂದು ಕೆಲಸ ಶುರು ಮಾಡಿದ್ದಳು, ಅಷ್ಟೇ. ನಾನೂ ಬ್ಯಾಂಕಿನಲ್ಲೇ ದುಡಿದವನು, ಟಾರ್ಗೆಟ್ಟಿನ ಕಷ್ಟ ಗೊತ್ತು. ಬೈಯದೆ ಎರಡು ನಿಮಿಷ ಮಾತಾಡಿ ಇಟ್ಟೆ. ಆ ಸೌಜನ್ಯಕ್ಕೆ ದುಡ್ಡು ಕಟ್ಟುವವನೂ ನಾನೇ ಎಂದು ತಿಳಿದದ್ದು ಧಾರವಾಡಕ್ಕೆ ಮರಳಿ ಬಿಲ್ ನೋಡಿದಾಗ.

ಮೂರು ವಾರಕ್ಕೆ ಹನ್ನೊಂದು ಸಾವಿರ ಚಿಲ್ಲರೆ. ನನ್ನಾಕೆ ಬಿಲ್ಲನ್ನು ಎರಡು ಸಲ ಓದಿ, "ಇಷ್ಟಕ್ಕ ಇನ್ನೊಂದು ಸಲ ದಿಲ್ಲಿಗೆ ಹೋಗಿ ಬರಬಹುದಿತ್ತಲ್ರೀ" ಅಂದಳು. ಕರೆಗಳದ್ದು ಅದರಲ್ಲಿ ಸಣ್ಣ ಪಾಲು. ಉಳಿದದ್ದೆಲ್ಲ ಡೇಟಾ. ಮನೆಯ ವೈಫೈ ಬಿಟ್ಟರೆ ಹೊರಗೆಲ್ಲೂ ನಾನು ನೆಟ್ ಮುಟ್ಟಿರಲಿಲ್ಲ. ಆದರೆ ಡೇಟಾ ರೋಮಿಂಗ್, ಅಂದರೆ ಪರದೇಶದ ನೆಟ್‌ವರ್ಕಿನಲ್ಲಿ ನಮ್ಮ ಸಿಮ್ಮಿನ ನೆಟ್, ಆನ್ ಇದ್ದದ್ದರಿಂದ ಟ್ರಾಮಿನಲ್ಲಿ ಕೂತಾಗಲೂ, ಕೋಟೆ ನೋಡುವಾಗಲೂ ಫೋನ್ ತನ್ನ ಪಾಡಿಗೆ ತಾನು ಮೇಲ್ ತರಿಸಿಕೊಳ್ಳುತ್ತಿತ್ತು, ಹವಾಮಾನ ಕೇಳುತ್ತಿತ್ತು, ಆಪ್‌ಗಳನ್ನು ಅಪ್‌ಡೇಟ್ ಮಾಡುತ್ತಿತ್ತು. ಕಟ್ಟಿಹಾಕದ ದನ ಪಕ್ಕದವರ ಹೊಲ ಮೇಯ್ದ ಹಾಗೆ.

ಆ ಬಿಲ್ಲಿನ ಸಿಟ್ಟಿನಲ್ಲೇ ಕೂತು ಒಂದೊಂದು ಸಾಲನ್ನೂ ಬಿಡಿಸಿ ನೋಡಿದೆ. ನಾವು ಹೊರದೇಶದಲ್ಲಿದ್ದಾಗ ಧಾರವಾಡದಿಂದ ಯಾರಾದರೂ ನಮ್ಮ ನಂಬರಿಗೆ ಹಚ್ಚಿದರೆ ಅವರಿಗೆ ಬೀಳುವುದು ಮಾಮೂಲಿ ಲೋಕಲ್ ದರ. ಆ ಕರೆಯನ್ನು ಭಾರತದಿಂದ ಜರ್ಮನಿಯವರೆಗೆ ಹೊತ್ತು ತರುವ ಖರ್ಚು ನಮ್ಮ ತಲೆಗೆ. ಅದಕ್ಕೇ ಬಂದ ಕರೆಗೂ ದುಡ್ಡು. ಡೇಟಾದ್ದೂ ಇದೇ ಕಥೆ: ಅಲ್ಲಿನ ಕಂಪನಿ ನಮ್ಮ ಕಂಪನಿಗೆ ಲೆಕ್ಕ ಹಾಕುತ್ತದೆ, ನಮ್ಮದು ತನ್ನ ಲಾಭ ಸೇರಿಸಿ ನಮಗೆ ಹಾಕುತ್ತದೆ. ಎಸ್‌ಎಂಎಸ್ ಬಂದದ್ದಕ್ಕೆ ಮಾತ್ರ ಬಿಲ್ಲಿನಲ್ಲಿ ಸೊನ್ನೆ ಇತ್ತು. ನನ್ನ ಮುಂದಿನ ಎರಡು ಪ್ರವಾಸಗಳನ್ನು ಕಾಪಾಡಿದ್ದು ಆ ಸೊನ್ನೆಯೇ. ಓಟಿಪಿ ಬರಲು ನನಗೆ ಬೇಕಾದದ್ದು ಊರಿನ ನಂಬರ್. ನೆಟ್ ಎಲ್ಲಿಂದ ಬಂದರೂ ನಡೆಯುತ್ತದೆ. ಎರಡನ್ನೂ ಒಂದೇ ಸಿಮ್ಮಿಗೆ ಗಂಟು ಹಾಕಿದ್ದೇ ನನ್ನ ತಪ್ಪು.

2018ರಲ್ಲಿ ಮಗಳ ಬಾಣಂತನಕ್ಕೆ ಹೊರಟೆವು. ವೀಸಾ ತೊಂಬತ್ತು ದಿನದ್ದು, ನಾವು ಇರುವುದು ಎಂಬತ್ತೆಂಟು ದಿನ. ಅಷ್ಟೊತ್ತಿಗೆ ನಾನು ಪೋಸ್ಟ್‌ಪೇಯ್ಡ್ ಬಿಟ್ಟು ಪ್ರಿಪೇಯ್ಡ್‌ಗೆ ಬಂದಿದ್ದೆ, ಎರಡು ಸಿಮ್ ಹಿಡಿಯುವ ಫೋನ್ ಕೊಂಡಿದ್ದೆ. ಹೊರಡುವ ವಾರ ಕಂಪನಿಯ ಅಂಗಡಿಗೆ ಹೋಗಿ ಇಂಟರ್‌ನ್ಯಾಷನಲ್ ರೋಮಿಂಗ್ ಚಾಲೂ ಮಾಡಿಸಿದೆ. ಇದನ್ನು ಊರಲ್ಲೇ ಮಾಡಿಸಬೇಕು. ಅಲ್ಲಿ ಹೋದಮೇಲೆ ಚಾಲೂ ಮಾಡಲು ಹೊರಟರೆ ಅದಕ್ಕೂ ಓಟಿಪಿ ಕೇಳುತ್ತದೆ, ಆ ಓಟಿಪಿ ಬರಲು ರೋಮಿಂಗ್ ಬೇಕು! ಹಾಗೆಯೇ ##002# ಒತ್ತಿ ಕಾಲ್ ಫಾರ್ವರ್ಡಿಂಗ್ ಎಲ್ಲ ತೆಗೆಸಿದೆ. ಅದು ಇದ್ದರೆ ನಾವು ಎತ್ತದ ಕರೆ ಜರ್ಮನಿಗೆ ಬಂದು ಮತ್ತೆ ಭಾರತಕ್ಕೆ ಹೊರಳಿ, ಹೋಗಿ ಬರುವ ಎರಡೂ ದಾರಿಯ ಖರ್ಚು ನಮ್ಮ ಮೇಲೆ ಬೀಳಬಹುದು.

ರೀಚಾರ್ಜ್ ವಿಷಯದಲ್ಲಿ ಮಾತ್ರ ಎಡವಿದೆ. ಎಂಬತ್ತನಾಲ್ಕು ದಿನದ ಪ್ಯಾಕ್ ಹಾಕಿಸಿ ಮೂರು ತಿಂಗಳಾಯಿತೆಂದು ನಿಶ್ಚಿಂತನಾದೆ. ಎಂಬತ್ತೆಂಟರಲ್ಲಿ ಎಂಬತ್ತನಾಲ್ಕು ಕಳೆದರೆ ನಾಲ್ಕು ಉಳಿಯುತ್ತದೆ ಎಂಬ ಲೆಕ್ಕ ಬ್ಯಾಂಕಿನವನಿಗೇ ಹೊಳೆಯಲಿಲ್ಲ. ಕೊನೆಯ ವಾರ ಮಗಳು ನೋಡಿ ಹೇಳಿದಳು, ಅಲ್ಲಿಂದಲೇ ಇನ್ನೊಂದು ಸಣ್ಣ ಪ್ಯಾಕ್ ಹಾಕಿದಳು. ಇಲ್ಲದಿದ್ದರೆ ಊರಿಗೆ ಮರಳುವ ದಿನ ಟ್ಯಾಕ್ಸಿ ಬುಕ್ ಮಾಡುವ ಓಟಿಪಿಯೂ ಬರುತ್ತಿರಲಿಲ್ಲ.

ಅಲ್ಲಿನ ಸಿಮ್ ಸಿಗುವುದು ದಿನಸಿ ಅಂಗಡಿಯಲ್ಲಿ. ನಿಜವಾಗಿಯೂ! ಆಲ್ಡಿ, ಲಿಡ್ಲ್‌ನಂಥ ಅಗ್ಗದ ಸೂಪರ್‌ಮಾರ್ಕೆಟ್‌ಗಳಲ್ಲಿ ಬಿಲ್ ಕೌಂಟರಿನ ಹತ್ತಿರ ಚ್ಯೂಯಿಂಗ್ ಗಮ್ಮಿನ ಪಕ್ಕ ಸಿಮ್ ಕಿಟ್ ತೂಗುಹಾಕಿರುತ್ತಾರೆ. ಅಂಥದ್ದೊಂದರಲ್ಲಿ ಹತ್ತು ಯೂರೋ ಕೊಟ್ಟು ಕೊಂಡೆ. ಹಾಲು, ಬ್ರೆಡ್ಡು, ಸಿಮ್ಮು ಒಂದೇ ಚೀಲದಲ್ಲಿ. ಆದರೆ ಕೊಂಡ ಕೂಡಲೇ ಅದು ಜೀವ ತಳೆಯುವುದಿಲ್ಲ. 2017ರ ಜುಲೈನಿಂದ ಜರ್ಮನಿಯಲ್ಲಿ ಪ್ರಿಪೇಯ್ಡ್ ಸಿಮ್ಮಿಗೂ ಗುರುತಿನ ಪರಿಶೀಲನೆ ಕಡ್ಡಾಯ. ವಿಡಿಯೋ ಕರೆಯಲ್ಲೂ ಮಾಡಿಸಬಹುದು. ನನ್ನ ಪಾಸ್‌ಪೋರ್ಟನ್ನು ಲೈಟಿನ ಕೆಳಗೆ ಓರೆಯಾಗಿ ಹಿಡಿ, ನೇರವಾಗಿ ಹಿಡಿ ಎಂದು ಹತ್ತು ನಿಮಿಷ ಆಡಿಸಿ ಕೊನೆಗೆ ಆಗಲಿಲ್ಲ ಅಂದರು. ಮರುದಿನ ಅಂಚೆ ಕಚೇರಿಗೆ ಹೋಗಿ ಪಾಸ್‌ಪೋರ್ಟ್ ಇಟ್ಟು ಸಹಿ ಹಾಕಿದೆ, ಕೆಲಸವಾಯಿತು. ವಿಳಾಸ ಮಗಳ ಮನೆಯದು. ಹಾಗಾಗಿ ಮೊದಲ ಎರಡು ಮೂರು ದಿನ ಈ ಸಿಮ್ಮನ್ನು ನಂಬಿಕೊಳ್ಳಬಾರದು.

ನಾಲ್ಕು ವಾರಕ್ಕೊಂದು ಸಣ್ಣ ಡೇಟಾ ಪ್ಯಾಕ್ ಹಾಕಿದರೆ ನನಗೆ ಧಾರಾಳವಾಗಿ ಸಾಕಾಯಿತು. ಮನೆಯಲ್ಲಿ ವೈಫೈ ಇದೆ, ಹೊರಗೆ ಬೇಕಾದದ್ದು ಮ್ಯಾಪು, ರೈಲಿನ ವೇಳೆ, ಊರಿಗೊಂದು ವಾಟ್ಸಾಪ್ ಕರೆ. ವಾಟ್ಸಾಪ್ ನಮ್ಮ ಹಳೆಯ ನಂಬರಿನಲ್ಲೇ ನಡೆಯುತ್ತದೆ. ಹೊಸ ಸಿಮ್ ಹಾಕಿದಾಗ ನಂಬರ್ ಬದಲಿಸಲೇ ಎಂದು ಕೇಳಿದರೆ ಬೇಡ ಎನ್ನಬೇಕು. ಡೇಟಾ ನುಂಗುತ್ತಿದ್ದದ್ದು ಬೇರೆ. ನಮ್ಮ ಬೀಗರ ಗ್ರೂಪಿನಲ್ಲಿ ದಿನಾ ಮೂವತ್ತು ಶುಭೋದಯದ ಹೂವು, ಅದರ ಮೇಲೆ ವಿಡಿಯೋ ಭಜನೆ. ಫೋಟೋ, ವಿಡಿಯೋ ತಾವಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿದೆ. ಹೂವು ಯಾರಿಗೂ ಬೇಸರವಾಗದಂತೆ ಒಳಗೇ ಬಾಡಿದವು.

ಊರಿನ ಸಿಮ್ಮನ್ನು ಎರಡನೇ ಗೂಡಿನಲ್ಲಿ ಬಿಟ್ಟು, ಅದರ ಡೇಟಾ ಕಟ್ಟಿಹಾಕಿದ್ದೆ. ಮಗಳ ಆಜ್ಞೆ ಒಂದೇ: "ಅಪ್ಪಾ, ಆ ನಂಬರಿಗೆ ಯಾರ ಫೋನ್ ಬಂದ್ರೂ ಎತ್ತಬ್ಯಾಡ." ಎತ್ತದ ಕರೆಗೆ ಖರ್ಚಿಲ್ಲ. ಅವ್ವನಿಗೆ ಹೇಳಿಕೊಟ್ಟಿದ್ದೆವು: ನೀ ಮಿಸ್ಡ್ ಕಾಲ್ ಕೊಡು, ನಾವು ತಮ್ಮನ ವಾಟ್ಸಾಪ್‌ಗೆ ಹಚ್ಚುತ್ತೇವೆ. ಆ ಸಿಮ್ಮನ್ನು ತೆಗೆದು ಪರ್ಸಿನಲ್ಲಿ ಇಡುವವರಿದ್ದಾರೆ, ಬೇಡ. ಸಿಮ್ ಕಾಣದಿದ್ದರೆ ಯುಪಿಐ ಆಪ್ ಮತ್ತೆ ನೋಂದಣಿ ಮಾಡು ಎಂದು ಹಟ ಹಿಡಿಯಬಹುದು. ಆ ನೋಂದಣಿಗೆ ಊರಿನ ನಂಬರಿನಿಂದಲೇ ಎಸ್‌ಎಂಎಸ್ ಹೋಗಬೇಕು, ಅದಕ್ಕೆ ರೋಮಿಂಗ್ ದರ.

ಐರೋಪ್ಯ ಒಕ್ಕೂಟದೊಳಗೆ 2017ರ ಜೂನ್ 15ರಿಂದ ರೋಮಿಂಗಿಗೆ ಹೆಚ್ಚಿನ ದರವಿಲ್ಲ. ನಾವು ರೈಲು ಹತ್ತಿ ಫ್ರಾನ್ಸಿನ ಸ್ಟ್ರಾಸ್‌ಬೂರ್ಗ್‌ಗೆ ಹೋದಾಗ ಅದೇ ಜರ್ಮನ್ ಸಿಮ್ ಹೊಸ ಖರ್ಚಿಲ್ಲದೆ ನಡೆಯಿತು. ಅದೇ ಧೈರ್ಯದಲ್ಲಿ ಮುಂದಿನ ವಾರ ರೈನ್ ಜಲಪಾತಕ್ಕೆ ಹೊರಟೆವು. ಸಿಂಗನ್ ನಿಲ್ದಾಣ ದಾಟಿ ರೈಲು ಶಾಫ್‌ಹೌಸನ್ ಕಡೆ ಹೊರಳಿದರೆ ಸ್ವಿಟ್ಜರ್ಲೆಂಡ್. ಗಡಿಯಲ್ಲಿ ಪಾಸ್‌ಪೋರ್ಟನ್ನೂ ಯಾರೂ ಕೇಳಲಿಲ್ಲ. ಯುರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗೆನ್ ವೀಸಾ ಎರಡೂ ಕಡೆ ಒಂದೇ, ಆದರೆ ಸ್ವಿಟ್ಜರ್ಲೆಂಡ್ ಒಕ್ಕೂಟದಲ್ಲಿಲ್ಲ. ಅಲ್ಲಿ ನಮ್ಮ ಸಿಮ್ ಪರದೇಶಿ. ಜೋಗ ನೋಡಿದವರಿಗೆ 23 ಮೀಟರ್ ಎತ್ತರ ಏನೂ ಅಲ್ಲ, ಆದರೆ 150 ಮೀಟರ್ ಅಗಲಕ್ಕೆ ಹಾಲು ಉಕ್ಕಿದ ಹಾಗೆ ನೀರು ಧುಮುಕುವುದನ್ನು ಮೊಮ್ಮಗನಿಗೆ ತೋರಿಸೋಣ ಎಂದು ವಿಡಿಯೋ ಕರೆ ಹಚ್ಚಿದೆ. ಅವನಿಗಿನ್ನೂ ಎರಡು ತಿಂಗಳು, ನೋಡಿದ್ದು ಅವನ ಅಮ್ಮ. ಒಂದು ನಿಮಿಷವೂ ಆಗಿರಲಿಲ್ಲ, ಪರದೆ ನಿಂತಿತು. ಬ್ಯಾಲೆನ್ಸ್ ಏಳು ಯೂರೋ ಇದ್ದದ್ದು ಸೊನ್ನೆ. ಮರಳುವ ರೈಲಿನ ಟಿಕೆಟ್ ಮೇಲ್‌ನಲ್ಲಿತ್ತು, ತೆರೆಯಲು ನೆಟ್ ಇಲ್ಲ. ನಿಲ್ದಾಣದ ಪಕ್ಕದ ಕೆಫೆಯಲ್ಲಿ ಕಾಫಿ ಕುಡಿದು, ಅವರ ವೈಫೈಯಲ್ಲಿ ಟಿಕೆಟ್ ತೆರೆದು ಸ್ಕ್ರೀನ್‌ಶಾಟ್ ತೆಗೆದುಕೊಂಡೆ. ಸ್ವಿಸ್ ಕಾಫಿಯ ದರ ಕೇಳಿದ ನನ್ನಾಕೆ ಈ ಸಲ ಏನೂ ಅನ್ನಲಿಲ್ಲ.

ಗಡಿ ದಾಟದಿದ್ದರೂ ಇದು ಆಗುತ್ತದೆ. ಬೋಡನ್ ಸರೋವರದ ದಂಡೆಯ ಕೊನ್‌ಸ್ಟಾಂಜ್ ಜರ್ಮನಿಯ ಊರು. ಅದಕ್ಕೆ ಅಂಟಿಕೊಂಡ ಕ್ರೊಯ್ಟ್ಸ್‌ಲಿಂಗನ್ ಸ್ವಿಟ್ಜರ್ಲೆಂಡಿನದು. ಪೇಟೆಯ ಬೀದಿಯಲ್ಲಿ ನಡೆಯುತ್ತಿದ್ದಾಗಲೇ ಫೋನ್ ಆ ಕಡೆಯ ಟವರ್ ಹಿಡಿಯಬಹುದು. ಮರುವರ್ಷ ಆ ಕಡೆ ಹೊರಟವರಿಗೆಲ್ಲ ನಾನು ಹೇಳಿದ್ದು: ಅಂಥ ಊರಿನಲ್ಲಿ ನೆಟ್‌ವರ್ಕ್ ಆಯ್ಕೆಯನ್ನು ಆಟೊಮ್ಯಾಟಿಕ್‌ನಿಂದ ತೆಗೆದು ಜರ್ಮನಿಯದನ್ನು ಕೈಯಾರೆ ಆರಿಸಿಡಿ. ವಿಮಾನದಲ್ಲೂ ಏರ್‌ಪ್ಲೇನ್ ಮೋಡ್ ಹಾಕುವುದು ಪೈಲಟ್ ಸಲುವಾಗಿ ಮಾತ್ರವಲ್ಲ. ಕೆಲವು ವಿಮಾನಗಳಲ್ಲಿ, ದೊಡ್ಡ ಹಡಗುಗಳಲ್ಲಿ ಉಪಗ್ರಹದ ಮೂಲಕ ನಡೆಯುವ ಅವರದೇ ನೆಟ್‌ವರ್ಕ್ ಇರುತ್ತದೆ, ಅದರ ದರ ನೆಲದ ಮೇಲಿನದಕ್ಕಿಂತ ಬಹಳ ದುಬಾರಿ.

2023ರಲ್ಲಿ ಇ-ಸಿಮ್‌ಗೆ, ಅಂದರೆ ಕಾರ್ಡಿಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್ಮಿಗೆ ಬಂದೆ. ಫೋನ್‌ನಲ್ಲಿ *#06# ಒತ್ತಿದಾಗ ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ಜೊತೆ ಇಐಡಿ ಎಂಬ ಉದ್ದ ಸಂಖ್ಯೆಯೂ ಕಂಡರೆ ಆ ಫೋನ್ ಇ-ಸಿಮ್ ಹಿಡಿಯುತ್ತದೆ. ಯುರೋಪಿನ ಹಲವು ದೇಶಗಳ ಜೊತೆ ಸ್ವಿಟ್ಜರ್ಲೆಂಡೂ ಇರುವ ಬರೀ ಡೇಟಾದ ಇ-ಸಿಮ್ ಒಂದನ್ನು ಧಾರವಾಡದಲ್ಲೇ ಕೂತು ಕೊಂಡೆ. ದೇಶಗಳ ಪಟ್ಟಿಯಲ್ಲಿ ಸ್ವಿಟ್ಜರ್ಲೆಂಡ್ ಇದೆಯೇ ಎಂದು ಮೂರು ಸಲ ಓದಿದ ಮೇಲೆಯೇ ದುಡ್ಡು ಕೊಟ್ಟದ್ದು. ಮೇಲ್‌ಗೆ ಕ್ಯೂಆರ್ ಕೋಡ್ ಬಂತು. ಸ್ಕ್ಯಾನ್ ಮಾಡಬೇಕಾದದ್ದು ಇದೇ ಫೋನ್, ಕೋಡ್ ಇದ್ದದ್ದೂ ಇದೇ ಫೋನಿನ ಪರದೆಯಲ್ಲಿ! ಓಣಿಯ ಜೆರಾಕ್ಸ್ ಅಂಗಡಿಯಲ್ಲಿ ಐದು ರೂಪಾಯಿಗೆ ಪ್ರಿಂಟ್ ತೆಗೆಸಿ ಸ್ಕ್ಯಾನ್ ಮಾಡಿದೆ. ಫ್ರಾಂಕ್‌ಫರ್ಟ್‌ನಲ್ಲಿ ಇಳಿದ ಕೂಡಲೇ ನೆಟ್ ಬಂತು, ಅಂಚೆ ಕಚೇರಿ ಇಲ್ಲ, ಸಹಿ ಇಲ್ಲ. ಬೆಲೆ ಮಾತ್ರ ದಿನಸಿ ಅಂಗಡಿಯ ಸಿಮ್ಮಿಗಿಂತ ಹೆಚ್ಚು, ಫೋನ್ ನಂಬರೂ ಸಿಗುವುದಿಲ್ಲ. ಹದಿನೈದು ದಿನಕ್ಕೆ ಹೋಗುವವರಿಗೆ ಇದು ಸರಿ. ಮೂರು ತಿಂಗಳು ಬಾಣಂತನಕ್ಕೆ ಹೋಗುವವರಿಗೆ, ಆಸ್ಪತ್ರೆಗೆ, ಟ್ಯಾಕ್ಸಿಗೆ ಕರೆ ಮಾಡಬೇಕಾದವರಿಗೆ ಅಲ್ಲಿನ ಸಿಮ್ಮೇ ಬೇಕು. ಆ ಪ್ರವಾಸದಲ್ಲಿ ಅಬುಧಾಬಿಯಲ್ಲಿ ವಿಮಾನ ಬದಲಿಸುವಾಗ ಮಾತ್ರ ಒದ್ದಾಡಿದೆ. ನಿಲ್ದಾಣದ ವೈಫೈ ಇದ್ದರೂ ವಾಟ್ಸಾಪ್ ಕರೆ ಹೋಗಲೊಲ್ಲದು; ಆ ದೇಶದಲ್ಲಿ ಅದಕ್ಕೆ ತಡೆ. ಮುಟ್ಟಿದೆವು ಎಂದು ಧ್ವನಿ ಸಂದೇಶ ಕಳಿಸಿದೆ, ಅದು ಹೋಯಿತು.

ಈಗ ತಂಗಿ ಮತ್ತು ಭಾವ ಮಗನ ಹತ್ತಿರ ಮ್ಯೂನಿಕ್‌ಗೆ ಹೊರಟಿದ್ದಾರೆ. ಮೊನ್ನೆ ಆಕೆಯ ಫೋನ್‌ನಲ್ಲಿ *#06# ಒತ್ತಿ ನೋಡಿದೆವು, ಇಐಡಿ ಬರಲಿಲ್ಲ. ಹಾಗಾಗಿ ಆಕೆಗೆ ದಿನಸಿ ಅಂಗಡಿಯ ಸಿಮ್ಮೇ ಗತಿ. ಪಾಸ್‌ಪೋರ್ಟ್ ಚೀಲದಲ್ಲಿ ಸಿಮ್ ತಟ್ಟೆ ತೆಗೆಯುವ ಪಿನ್ನನ್ನು ಟೇಪಿನಿಂದ ಅಂಟಿಸಿ ಕೊಟ್ಟಿದ್ದೇನೆ. ಅವರು ಇರುವುದು ಎಪ್ಪತ್ತೊಂಬತ್ತು ದಿನ, ಎಂಬತ್ತನಾಲ್ಕರ ಪ್ಯಾಕ್ ಸಾಕಾಗುತ್ತದೆ.